ಹಳೇ ಪೆಟ್ಟಿನ ತಲೆನೋವು ಬಿಡುತ್ತಿಲ್ಲವೇ? ಮೂಲ ಹುಡುಕುವುದು ಹೀಗೆ

ಫೆಬ್ರವರಿ, ಮಾರ್ಚ್ ಬಂತೆಂದರೆ ಕೊಡಗಿನ ತೋಟಗಳಲ್ಲಿ ಕರಿಮೆಣಸು ಕುಯ್ಯುವ ಗಡಿಬಿಡಿ. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ, ತಲೆ ಹಿಂದಕ್ಕೆ ಬಾಗಿಸಿಕೊಂಡು ಗಂಟೆಗಟ್ಟಲೆ ಕೆಲಸ. ಅದು ಮುಗಿದರೆ ಮಳೆಗೆ ಮುಂಚೆ ಮರ ಕಪಾತು, ಅಂದರೆ ಕೊಂಬೆ ಸವರುವ ಕೆಲಸ. ಈ ದಿನಗಳಲ್ಲಿ ಯಾರೋ ಒಬ್ಬರು ಜಾರಿ ಬಿದ್ದ ಸುದ್ದಿ ಕೇಳಿಯೇ ಕೇಳುತ್ತೇವೆ. ತಿರುವಿನಲ್ಲಿ ಬೈಕಿನಿಂದ ಬಿದ್ದವರು, ಹಾಕಿ ಮೈದಾನದಲ್ಲಿ ಡಿಕ್ಕಿ ಹೊಡೆದುಕೊಂಡವರು, ಪಾಚಿ ಹಿಡಿದ ಅಂಗಳದಲ್ಲಿ ಜಾರಿದ ಹಿರಿಯರು ಬೇರೆ. ಹೊಲಿಗೆ ಹಾಕಿಸಿಕೊಂಡು, ಸ್ಕ್ಯಾನ್ ‘ನಾರ್ಮಲ್’ ಅನ್ನಿಸಿಕೊಂಡು ಮನೆಗೆ ಬರುತ್ತಾರೆ. ಗಾಯ ಒಣಗಿ ಎಷ್ಟೋ ತಿಂಗಳಾದರೂ ತಲೆನೋವು, ಕತ್ತು ಹಿಡಿತ, ತಲೆಸುತ್ತು ಮಾತ್ರ ಹಾಗೇ ಉಳಿದಿರುತ್ತದೆ.

ನಾರ್ಮಲ್ ಅಂದರೆ ಏನೂ ಆಗಿಲ್ಲ ಅಂತಲ್ಲ. ಸಿಟಿ ಸ್ಕ್ಯಾನ್ ಮುಖ್ಯವಾಗಿ ನೋಡುವುದು ರಕ್ತ ಸೋರಿದೆಯಾ, ಮೂಳೆ ಬಿರುಕು ಬಿಟ್ಟಿದೆಯಾ ಎಂದು. ಪೆಟ್ಟಿಗೆ ಮೆದುಳು ಅಲುಗಾಡಿದ್ದು, ಅಂದರೆ ಕನ್ಕಶನ್, ಅದರಲ್ಲಿ ಕಾಣುವುದಿಲ್ಲ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. 3 ತಿಂಗಳು ದಾಟಿದರೂ ಬಿಡದ ತಲೆನೋವಿಗೆ ಬೇರೆ ಲೆಕ್ಕ ಹಾಕಬೇಕು. ಅದರ ಮೂಲ ಕತ್ತಿನಲ್ಲಿರಬಹುದು, ಕಿವಿಯೊಳಗಿರಬಹುದು, ಕೆಟ್ಟ ನಿದ್ದೆಯಲ್ಲಿರಬಹುದು, ನುಂಗುತ್ತಿರುವ ಮಾತ್ರೆಯಲ್ಲೇ ಇರಬಹುದು. ಒಂದೊಂದಕ್ಕೂ ಮದ್ದು ಬೇರೆ. ಹಾಗಾಗಿ ‘ಯಾವ ಮಾತ್ರೆ ಒಳ್ಳೇದು’ ಎಂದು ಕೇಳುವುದಕ್ಕೆ ಮೊದಲು ‘ನೋವು ಎಲ್ಲಿಂದ’ ಎಂದು ಕೇಳಬೇಕು.

ಮೊದಲು ಅಪಾಯ ಇಲ್ಲವೆಂದು ಖಚಿತಪಡಿಸಿಕೊಳ್ಳಿ

ಹಿಂದೆಂದೂ ಬಾರದಂಥ ತಲೆನೋವು ದಿಢೀರನೆ ಬಂದರೆ, ವಾಂತಿ ನಿಲ್ಲದಿದ್ದರೆ, ಮಾತು ತೊದಲಿದರೆ, ಒಂದು ಕೈಯೋ ಕಾಲೋ ಸೋತರೆ, ಎರಡೆರಡು ಕಂಡರೆ, ಫಿಟ್ಸ್ ಬಂದರೆ, ಜ್ವರದ ಜೊತೆ ಕತ್ತು ಸೆಟೆದುಕೊಂಡರೆ 108ಕ್ಕೆ ಫೋನ್ ಮಾಡಿ. ನಾಳೆ ನೋಡೋಣ ಅನ್ನಬೇಡಿ. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ನಡೆಯುವಾಗ ಕಾಲು ತೂರಾಡುವುದು, ಮೂತ್ರ ಹಿಡಿತಕ್ಕೆ ಸಿಗದಿರುವುದು ಕತ್ತಿನೊಳಗೆ ಬೆನ್ನುಹುರಿ ಒತ್ತಿಕೊಂಡಿರುವುದರ ಲಕ್ಷಣ ಆಗಿರಬಹುದು. ಇದಕ್ಕೂ ಕೂಡಲೇ ತಜ್ಞರು ಬೇಕು.

ಹಿರಿಯರ ವಿಷಯದಲ್ಲಿ ಇನ್ನೊಂದು ಮಾತು. ಅಂಗಳದಲ್ಲಿ ಜಾರಿ ತಲೆಗೆ ಸಣ್ಣದಾಗಿ ತಗುಲಿರುತ್ತದೆ. ಅವತ್ತು ಎದ್ದು ಕಾಫಿ ಕುಡಿದು ಓಡಾಡಿಕೊಂಡಿರುತ್ತಾರೆ. ಮೂರು ನಾಲ್ಕು ವಾರ ಬಿಟ್ಟು ಮಂಕಾಗುತ್ತಾರೆ, ಹಗಲೆಲ್ಲ ತೂಕಡಿಸುತ್ತಾರೆ, ನಡಿಗೆ ಎಡವುತ್ತದೆ. ವಯಸ್ಸಾಯ್ತಲ್ಲ, ಮರೆವು ಅಂತ ಮನೆಯವರು ಸುಮ್ಮನಾಗುತ್ತಾರೆ. ಆದರೆ ಅದು ಮೆದುಳಿನ ಹೊರಪೊರೆಯ ಕೆಳಗೆ ನಿಧಾನವಾಗಿ ರಕ್ತ ತುಂಬುತ್ತಿರುವುದೂ ಆಗಿರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ತುಂಬಾ ಕುಡಿಯುವವರಲ್ಲಿ ಇದು ಜಾಸ್ತಿ. ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆ. ಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು ರಕ್ತ ಹೊರತೆಗೆಯುತ್ತಾರೆ. ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ.

ಎರಡು ವಾರ ಬರೆದಿಡಿ

ಹಳೇ ಕ್ಯಾಲೆಂಡರಿನ ಹಿಂಬದಿ ಆದರೂ ಸಾಕು. ಮೇಲೆ ಹಳೇ ಪೆಟ್ಟುಗಳನ್ನೆಲ್ಲ ಬರೆಯಿರಿ. ಯಾವ ವರ್ಷ, ಹೇಗೆ ಬಿದ್ದದ್ದು, ಪ್ರಜ್ಞೆ ತಪ್ಪಿತ್ತಾ, ಎಷ್ಟು ದಿನದಲ್ಲಿ ನೋವು ಶುರುವಾಯಿತು. ಹತ್ತು ವರ್ಷದ ಹಿಂದಿನದ್ದು ಈಗ ಯಾಕೆ ಅನ್ನಬೇಡಿ. ನೀವಾಗಿ ಹೇಳದಿದ್ದರೆ ಹತ್ತು ನಿಮಿಷದ ಓಪಿಡಿಯಲ್ಲಿ ಯಾರೂ ಅಷ್ಟು ಹಿಂದಕ್ಕೆ ಹೋಗಿ ಕೇಳುವುದಿಲ್ಲ.

ಕೆಳಗೆ ದಿನಕ್ಕೊಂದು ಸಾಲು. ಉದಾಹರಣೆಗೆ: ‘ಮಂಗಳವಾರ. ಎದ್ದಾಗಲೇ ಬಲಗಡೆ ಹಿಂದಲೆ ನೋವು, ಜೋರು ಹತ್ತರಲ್ಲಿ ಆರು. ರಾತ್ರಿ ಎರಡು ದಿಂಬು. ಮೂಟೆ ಹೊತ್ತ ಮೇಲೆ ಕಣ್ಣಿನ ಹಿಂದೆ ಎಳೆತ. ಮಾತ್ರೆ ಒಂದು.’ ಮಾತ್ರೆ ಲೆಕ್ಕ ಬಿಡಬೇಡಿ.

ಬರೆದದ್ದನ್ನು ಓದುವುದು

ನೋವು ಒಂದೇ ಪಕ್ಕದಲ್ಲಿ ಕತ್ತಿನ ಬುಡದಿಂದ ಹತ್ತಿ ಹಣೆಗೋ ಕಣ್ಣಿನ ಹಿಂದಕ್ಕೋ ಬರುತ್ತಿದ್ದರೆ, ಕತ್ತು ತಿರುಗಿಸಿದಾಗ ಜೋರಾದರೆ ಅನುಮಾನ ಕತ್ತಿನ ಮೇಲೆ. ಕತ್ತಿನ ಮೇಲ್ಭಾಗದ ಮೂರು ನರಗಳೂ ಹಣೆ, ಕಣ್ಣಿನ ಭಾಗದ ನರವೂ ಒಳಗೆ ಒಂದೇ ಕಡೆ ಸೇರುತ್ತವೆ. ತೋಟದ ಲೈನ್‌ನಲ್ಲಿ ಅಕ್ಕಪಕ್ಕದ ಎರಡು ಮನೆಗೆ ಒಂದೇ ಬೆಲ್ ಇದ್ದ ಹಾಗೆ. ಒತ್ತಿದ್ದು ಯಾರ ಬಾಗಿಲಲ್ಲಿ ಎಂದು ಮೆದುಳಿಗೆ ತಿಳಿಯುವುದಿಲ್ಲ. ಕತ್ತಿನ ಕೀಲು ನೊಂದರೆ ತಲೆ ನೋಯುತ್ತದೆ.

ಹಾಸಿಗೆಯಲ್ಲಿ ಮಗ್ಗಲು ಬದಲಿಸಿದಾಗ, ಏಣಿಯ ಮೇಲೆ ತಲೆ ಎತ್ತಿದಾಗ ಲೋಕವೇ ಗಿರ್ರನೆ ತಿರುಗಿ ಒಂದು ನಿಮಿಷದೊಳಗೆ ನಿಂತರೆ ಅದು ಕಿವಿಯದ್ದಿರಬಹುದು. ಒಳಕಿವಿಯಲ್ಲಿ ಸುಣ್ಣದ ಸಣ್ಣ ಹರಳುಗಳಿರುತ್ತವೆ. ಪೆಟ್ಟಿಗೆ ಅವು ಜಾಗ ಬಿಟ್ಟು ಕದಲುತ್ತವೆ. ಕಿವಿ, ಮೂಗು, ಗಂಟಲು ತಜ್ಞರು ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸಿ ಅವನ್ನು ವಾಪಸ್ ಕೂರಿಸುತ್ತಾರೆ. ಎಪ್ಲಿ ವಿಧಾನ ಅಂತ ಹೆಸರು. ಕೆಲವೇ ನಿಮಿಷದ ಕೆಲಸ. ಕತ್ತಿಗೆ ಪೆಟ್ಟಾದವರು ಯೂಟ್ಯೂಬ್ ನೋಡಿ ಮನೆಯಲ್ಲೇ ಮಾಡುವುದು ಬೇಡ. ಈ ತಲೆಸುತ್ತು ಹೋಗುವ ತನಕ ಏಣಿ ಹತ್ತಲೂ ಬೇಡಿ.

ಇನ್ನು ಮಾತ್ರೆ. ಪ್ಯಾರಾಸಿಟಮಾಲ್‌ನಂಥ ಸಾದಾ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಎರಡು ಮೂರು ಔಷಧ ಸೇರಿಸಿದ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಹೀಗೆ 3 ತಿಂಗಳಿಗೂ ಮೀರಿ ನುಂಗುತ್ತಿದ್ದರೆ ಮಾತ್ರೆಯೇ ತಲೆನೋವು ತರಿಸಬಹುದು. ವೈದ್ಯರ ಜೊತೆ ಮಾತಾಡಿಯೇ ನಿಲ್ಲಿಸಿ. ಮೊದಲ ಕೆಲವು ದಿನ ನೋವು ಏರುತ್ತದೆ, ಅದಕ್ಕೆ ತಯಾರಿರಿ. ಸಂಜೆ ಒಂದು ಪೆಗ್ ಹಾಕಿದರೆ ನೋವು ಮಾಯ ಎನ್ನುವ ವೈದ್ಯ ನಮ್ಮಲ್ಲಿ ಪ್ರತಿ ಊರಿನಲ್ಲೂ ಒಬ್ಬ ಇದ್ದಾನೆ. ಅವನ ಮಾತು ಕೇಳಬೇಡಿ, ಕುಡಿತ ನಿದ್ದೆ ಕೆಡಿಸುತ್ತದೆ, ಬೆಳಿಗ್ಗೆ ನೋವು ಅಲ್ಲೇ ಇರುತ್ತದೆ.

ಕತ್ತಿಗೆ ಕೆಲಸ ಕೊಡಿ

ಮೂಳೆ ಮುರಿದಿಲ್ಲ, ನರ ಒತ್ತಿಕೊಂಡಿಲ್ಲ ಎಂದು ವೈದ್ಯರು ಹೇಳಿದ ಮೇಲೆ ಕತ್ತುಪಟ್ಟಿ ಹಾಕಿಕೊಂಡು ತಿಂಗಳುಗಟ್ಟಲೆ ಕೂರಬಾರದು. ಸ್ನಾಯು ಇನ್ನೂ ಸೊರಗುತ್ತದೆ.

ಕುರ್ಚಿಯಲ್ಲಿ ನೆಟ್ಟಗೆ ಕೂತುಕೊಳ್ಳಿ. ಕಣ್ಣು ಎದುರಿನ ಗೋಡೆಯ ಮೇಲಿರಲಿ. ಗದ್ದವನ್ನು ಕೆಳಗೆ ಬಗ್ಗಿಸದೆ ಹಾಗೇ ಹಿಂದಕ್ಕೆ ಎಳೆಯಿರಿ. ಗದ್ದದ ಕೆಳಗೆ ಮಡಿಕೆ ಬೀಳಬೇಕು, ನೋಡಲು ಚೆನ್ನಾಗಿರುವುದಿಲ್ಲ, ಪರವಾಗಿಲ್ಲ. ಹಿಂದಲೆಯ ಬುಡದಲ್ಲಿ ಸಣ್ಣ ಎಳೆತ ಗೊತ್ತಾದರೆ ಸರಿಯಾಗಿ ಮಾಡುತ್ತಿದ್ದೀರಿ. ಐದು ಸೆಕೆಂಡ್ ಹಿಡಿದು ಬಿಡಿ. ಹತ್ತು ಸಲ, ಬೆಳಿಗ್ಗೆ ಮತ್ತು ಸಂಜೆ. ಜೊತೆಗೆ ಬೆನ್ನಿನ ಎರಡು ಹೆಗಲೆಲುಬುಗಳನ್ನು ಹತ್ತಿರ ತರುವುದು, ಕತ್ತನ್ನು ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುಗಿಸುವುದು. ತೋಳಿಗೆ ಜುಮ್ಮು ಇಳಿದರೆ, ತಲೆ ಸುತ್ತಿದರೆ ನಿಲ್ಲಿಸಿ. ಫಲ ಕಾಣಲು ವಾರಗಳೇ ಬೇಕು.

ದಿನವೂ ನಡೆಯಿರಿ. ಆದರೆ ನಮ್ಮೂರಿನ ಏರು ದಾರಿಯಲ್ಲಲ್ಲ, ಮೊದಲು ಸಮತಟ್ಟಾದ ಕಡೆ 15 ನಿಮಿಷ. ನೋವು ತುಸು ಏರಿ ಸ್ವಲ್ಪ ಹೊತ್ತಿಗೆ ಇಳಿದರೆ ತೊಂದರೆ ಇಲ್ಲ. ತಲೆ ಮೇಲೆ ಕಾಫಿ ಮೂಟೆ ಹೊರುವುದನ್ನು ಸದ್ಯಕ್ಕೆ ಬಿಡಿ. ಮೇಸ್ತ್ರಿ ಹತ್ತಿರ ಕೇಳಿ ಕೆಲವು ವಾರ ಕಾಫಿ ಕುಯ್ಯುವುದೋ, ಕಣದ ಕೆಲಸವೋ ಮಾಡಿಕೊಳ್ಳಿ. ಮಲಗುವಾಗ ದಿಂಬು ಒಂದೇ ಸಾಕು.

ಕ್ಷೌರದಂಗಡಿಯಲ್ಲಿ ಕಟಿಂಗ್ ಮುಗಿದ ಮೇಲೆ ತಲೆ ಹಿಡಿದು ಲಟಕ್ ಎಂದು ತಿರುಗಿಸುತ್ತಾರಲ್ವಾ, ಅದನ್ನು ಬೇಡ ಅನ್ನಿ. ಹಾಯೆನಿಸುತ್ತದೆ, ನಿಜ. ಆದರೆ ಮೆದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ರಂಧ್ರಗಳೊಳಗಿಂದಲೇ ಹಾದುಹೋಗುತ್ತವೆ. ಆ ರಭಸಕ್ಕೆ ನಾಳದ ಒಳಪದರ ಹರಿದು ಪಾರ್ಶ್ವವಾಯು ಆದದ್ದಿದೆ.

ಆಸ್ಪತ್ರೆಗೆ ಹೋಗುವಾಗ

ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆ ಅಥವಾ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ. ಅಲ್ಲಿಂದ ಬರೆದುಕೊಟ್ಟರೆ ಮೈಸೂರು, ಮಂಗಳೂರು ಅಥವಾ ಬೆಂಗಳೂರಿನ ನಿಮ್ಹಾನ್ಸ್. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ಅಷ್ಟು ದೂರ ಹೋಗಿ ‘ಹಳೇ ಸ್ಕ್ಯಾನ್ ಎಲ್ಲಿ’ ಅಂದಾಗ ತಡಕಾಡುವುದು ಬೇಡ. ಫಿಲ್ಮ್, ಚೀಟಿ, ಬರೆದಿಟ್ಟ ಹಾಳೆ, ನುಂಗುವ ಮಾತ್ರೆಗಳ ಸ್ಟ್ರಿಪ್ ಎಲ್ಲ ಒಂದೇ ಚೀಲದಲ್ಲಿರಲಿ. ತಲೆಸುತ್ತು ಇರುವವರು ಮಂಗಳೂರು ದಾರಿಯ ಸಂಪಾಜೆ ಘಾಟಿಯಲ್ಲಿ ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆ ನೋಡಿ, ಮೊಬೈಲ್ ಅಲ್ಲ.

ಎಂಆರ್‌ಐ ವರದಿಯಲ್ಲಿ ‘ಸ್ಪಾಂಡಿಲೋಸಿಸ್’, ಅಂದರೆ ಕತ್ತಿನ ಮೂಳೆ ಸವೆತ, ಎಂದಿದ್ದರೆ ಗಾಬರಿ ಬೀಳಬೇಡಿ. ನಲವತ್ತು ದಾಟಿದ ಎಷ್ಟೋ ಜನರಿಗೆ, ನೋವೇ ಇಲ್ಲದವರಿಗೂ, ಆ ಸವೆತ ಇರುತ್ತದೆ. ನನ್ನ ನೋವಿಗೆ ಅದೇ ಕಾರಣವಾ ಎಂದು ನೇರವಾಗಿ ಕೇಳಿ. ಮಾತ್ರೆ ಚೀಟಿ ಹಿಡಿದು ಎದ್ದುಬರುವ ಮುಂಚೆ ಫಿಸಿಯೋಥೆರಪಿಗೂ ಬರೆಸಿಕೊಳ್ಳಿ. ಮತ್ತೆ ಯಾವಾಗ ಬರಬೇಕು ಎಂದು ಅದೇ ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ.