ಪೇಸ್ಟ್ ಮಾಡಿದರೆ ಓಡಬೇಕು: ಕೋಡ್ ತುಣುಕು ಕಳಿಸುವುದು ಹೇಗೆ?

ಆಫೀಸಿನ ವಾಟ್ಸಾಪ್ ಗ್ರೂಪಿಗೆ ಯಾರೋ ನಾಲ್ಕು ಸಾಲಿನ ಕೋಡಿನ ಸ್ಕ್ರೀನ್‌ಶಾಟ್ ಹಾಕುತ್ತಾರೆ. ಎಲ್ಲರೂ ಹೆಬ್ಬೆರಳು ಒತ್ತುತ್ತಾರೆ. ಅದು ನಿಜವಾಗಿ ಬೇಕಿದ್ದವರು ಮಾತ್ರ ಕೂತು ಒಂದೊಂದೇ ಅಕ್ಷರ ಟೈಪ್ ಮಾಡಬೇಕು. ಕೋಡನ್ನು ಪಠ್ಯವಾಗಿಯೇ ಕಳಿಸಿ. ಕಾಪಿ ಮಾಡಿ ಪೇಸ್ಟ್ ಮಾಡಿದ ಕೂಡಲೇ ಅದು ಓಡಬೇಕು.

ಮೊದಲು ಬೇಡದ ಸಾಲುಗಳನ್ನೆಲ್ಲ ತೆಗೆಯಿರಿ. ಬೇರೆ ಕಡೆಯ ಕೋಡನ್ನು ಒಳಗೆ ತರಿಸಿಕೊಳ್ಳುವ ಇಂಪೋರ್ಟ್ ಸಾಲುಗಳನ್ನು ಮಾತ್ರ ತೆಗೆಯಬೇಡಿ. ಜಾಸ್ತಿ ಜನ ಮರೆಯುವುದು ಅವನ್ನೇ. ಉಳಿದದ್ದನ್ನು ಖಾಲಿ ಫೈಲಿಗೆ ಹಾಕಿ ಒಮ್ಮೆ ಓಡಿಸಿ.

ಏನು ಕೊಟ್ಟರೆ ಏನು ಬರುತ್ತದೆ ಎಂದು ಪಕ್ಕದಲ್ಲೇ ಬರೆಯಿರಿ. ಪೈಥಾನ್ 3 ಎಂಬ ಕೋಡ್ ಭಾಷೆಯಲ್ಲಿ ‘ಕನ್ನಡ’ ಪದಕ್ಕೆ ಉದ್ದ ಎಣಿಸುವ ಲೆನ್ (len) ಹಾಕಿದರೆ 5 ಬರುತ್ತದೆ. ನಮ್ಮ ಕಣ್ಣಿಗೆ ಮೂರೇ ಅಕ್ಷರ, ಅಲ್ವಾ? ಕಂಪ್ಯೂಟರ್ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ನ್ನ’ ಒಂದೇ ಮೂರು ಸಂಕೇತ ನುಂಗುತ್ತದೆ: ನ, ಹಲಂತ, ಮತ್ತೆ ನ. ಫಾರ್ಮಿನಲ್ಲಿ ಹೆಸರಿಗೆ 20 ಅಕ್ಷರದ ಮಿತಿ ಹಾಕುವವರು ಇದನ್ನು ತಿಳಿದಿರಲೇಬೇಕು. ಆ 5 ಎಂಬ ಉತ್ತರ ಬರೆಯದೆ ಸುಮ್ನೆ ಕೋಡ್ ಕಳಿಸಿದರೆ ಇದರಲ್ಲೇನು ವಿಶೇಷ ಅಂತ ಯಾರಿಗೂ ಹೊಳೆಯುವುದಿಲ್ಲ.

ವಾಟ್ಸಾಪ್‌ನಲ್ಲಿ ಕಳಿಸುವಾಗ ಕೋಡಿನ ಹಿಂದೆ, ಮುಂದೆ ಮೂರು ಮೂರು ಬ್ಯಾಕ್‌ಟಿಕ್ (`) ಹಾಕಿ. ಲ್ಯಾಪ್‌ಟಾಪ್‌ನಲ್ಲಿ ಆ ಕೀ ಸಾಮಾನ್ಯವಾಗಿ 1ರ ಎಡಕ್ಕಿರುತ್ತದೆ. ಇದಿಲ್ಲದಿದ್ದರೆ ನಕ್ಷತ್ರ, ಅಂಡರ್‌ಸ್ಕೋರ್ ಕಂಡಲ್ಲಿ ವಾಟ್ಸಾಪ್ ಅಕ್ಷರವನ್ನು ದಪ್ಪ ಅಥವಾ ಓರೆ ಮಾಡಿಬಿಡಬಹುದು. ಐಫೋನ್‌ನಲ್ಲೇ ಟೈಪ್ ಮಾಡುವವರಿಗೆ ಇನ್ನೊಂದು ತಲೆನೋವು: ‘ಸ್ಮಾರ್ಟ್ ಪಂಕ್ಚುಯೇಷನ್’ ಆನ್ ಇದ್ದರೆ ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗುತ್ತದೆ. ನೋಡಲು ಚೆಂದ, ಪೈಥಾನ್‌ಗೆ ಎರರ್. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿ.

ಹತ್ತಿಪ್ಪತ್ತು ಸಾಲು ದಾಟಿದರೆ ಕೋಡ್ ಇಡುವ ತಾಣ ಗಿಟ್‌ಹಬ್‌ನ ಗಿಸ್ಟ್ ವಾಸಿ; ಅಲ್ಲಿ ತುಣುಕು ಹಾಕಿ ಲಿಂಕ್ ಕಳಿಸಿದರಾಯಿತು. ಫೈಲ್ ಹೆಸರಿನ ಕೊನೆಗೆ ‘ಡಾಟ್ ಪಿವೈ’ಯಂಥ ಎಕ್ಸ್‌ಟೆನ್ಷನ್ ಕೊಟ್ಟರೆ ಕೋಡಿಗೆ ಬಣ್ಣ ತಾನೇ ಬರುತ್ತದೆ. ಆದರೆ ‘ಸೀಕ್ರೆಟ್’ ಎಂಬ ಆಯ್ಕೆಯನ್ನು ನಂಬಿ ಕೂರಬೇಡಿ. ಅದು ಹುಡುಕಾಟದಲ್ಲಿ ಸಿಗುವುದಿಲ್ಲ, ಅಷ್ಟೇ. ಲಿಂಕ್ ಸಿಕ್ಕವರೆಲ್ಲ ತೆರೆಯಬಹುದು.

ಹಾಗಾಗಿ ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆ ಬಳಸಲು ಕೊಡುವ ಗುಟ್ಟಿನ ಸಂಕೇತ), ಗ್ರಾಹಕರ ಫೋನ್ ನಂಬರ್ ಕೋಡಿನಲ್ಲಿ ಉಳಿದಿದೆಯೇ ಎಂದು ಹಾಕುವ ಮುಂಚೆಯೇ ನೋಡಿ. ಪ್ರತಿ ಗಿಸ್ಟ್ ಒಂದು ಗಿಟ್ ರೆಪಾಸಿಟರಿ, ಅಂದರೆ ಹಳೆಯ ಆವೃತ್ತಿಗಳನ್ನೂ ಉಳಿಸಿಡುವ ಸಂಗ್ರಹ. ತಿದ್ದಿ ಉಳಿಸಿದರೂ ‘ರಿವಿಷನ್ಸ್’ ಒತ್ತಿದವರಿಗೆ ಹಳೆಯದು ಕಾಣುತ್ತದೆ. ಕೀ ಹೊರಗೆ ಬಿದ್ದಿದ್ದರೆ ಅಳಿಸುತ್ತ ಕೂರದೆ ಮೊದಲು ಅದನ್ನು ರದ್ದು ಮಾಡಿ, ಹೊಸದು ಪಡೆಯಿರಿ.