ಕಸದ ಮೂಲೆಯಲ್ಲಿ ಸೊಪ್ಪಿನ ಮಡಿ: ನನ್ನ ಅನುಭವ

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ನಮ್ಮ ಬಡಾವಣೆಯಲ್ಲಿ ರಾತ್ರೋರಾತ್ರಿ ಕಸದ ಚೀಲಗಳು ಬಂದು ಬೀಳುತ್ತಿದ್ದ 40×60ರ ಮೂಲೆ ಸೈಟೊಂದನ್ನು ಎಲ್ಲರೂ ಸೇರಿ ಸೊಪ್ಪಿನ ತೋಟ ಮಾಡೋಣವೆಂದು ನಾನು ಸಂಘದ ಸಭೆಯಲ್ಲಿ ಹೇಳಿದಾಗ ಹೆಚ್ಚಿನವರು ಒಪ್ಪಲಿಲ್ಲ. ನೀರು ನಿಂತು ಸೊಳ್ಳೆ ಹೆಚ್ಚುತ್ತದೆ, ಗೊಬ್ಬರದ ತೊಟ್ಟಿ ನಾರುತ್ತದೆ, ಆರು ತಿಂಗಳಲ್ಲಿ ಎಲ್ಲರೂ ಕೈಬಿಡುತ್ತಾರೆ ಎಂಬುದು ಅವರ ವಾದವಾಗಿತ್ತು. ಈಗ ತೋಟಕ್ಕೆ ನಾಲ್ಕು ವರ್ಷ ದಾಟಿದೆ, ಸುಮಾರು 35 ಮನೆಗಳು ಅಲ್ಲಿಂದ ಸೊಪ್ಪು ಒಯ್ಯುತ್ತಿವೆ, ಆ ಮೂಲೆಗೆ ಕಸ ಬೀಳುವುದು ನಿಂತಿದೆ. ಗೊಬ್ಬರ, ಬಿತ್ತನೆ, ನಾಟಿಯ ವಿಚಾರ ಓದುಗರಿಗೆ ಗೊತ್ತೇ ಇರುತ್ತದೆಯಾದ್ದರಿಂದ ಅದನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ.

ಮೊದಲ ವರ್ಷದ ಹಣವೆಲ್ಲ ನೆಲಕ್ಕೇ ಹೋಯಿತು. ಕಟ್ಟಡದ ಅವಶೇಷ, ಗಾರೆ, ಹಳೆಯ ಬಣ್ಣ ಬಳಿದ ಬಾಗಿಲ ಚೂರುಗಳನ್ನು ಸಾಗಿಸಲು ಹದಿನೆಂಟು ಸಾವಿರದಷ್ಟು, ಬೇಲಿಗೆ ನಲವತ್ತು ಸಾವಿರದಷ್ಟು, ಇಟ್ಟಿಗೆ, ಕೆಂಪು ಮಣ್ಣು ಮತ್ತು ತೆಂಗಿನ ನಾರಿನ ಪುಡಿಗೆ ಇನ್ನೊಂದು ಐವತ್ತು ಸಾವಿರ ಖರ್ಚಾದ ನೆನಪು. ಇದ್ದ ಮಣ್ಣಿನಲ್ಲೇ ಬಿತ್ತಿದರೆ ಅರ್ಧ ಹಣ ಉಳಿಯುತ್ತದೆಂದು ಹಲವರು ಹೇಳಿದರೂ ನಾನು ಒಪ್ಪಲಿಲ್ಲ. ಹಳೆಯ ಬಣ್ಣದಲ್ಲಿರುವ ಸೀಸವೆಂಬ ವಿಷದ ಲೋಹ ಮಣ್ಣಿನಿಂದ ತಾನಾಗಿ ಹೋಗುವುದಿಲ್ಲ. ಸೊಪ್ಪಿನೊಳಗೆ ಸೇರಿಯೂ ಎಲೆಗೆ ಹತ್ತಿದ ಧೂಳಿನ ಮೂಲಕವೂ ಅದು ತಟ್ಟೆಗೆ ಬರಬಹುದು. ಆರೋಗ್ಯಕ್ಕೆಂದು ಮಾಡುವ ತೋಟದಲ್ಲಿ ಈ ಒಂದು ಖರ್ಚನ್ನು ಉಳಿಸಬಾರದು. ಆದ್ದರಿಂದ ಒಂದಡಿಗಿಂತ ಎತ್ತರದ ಮಡಿಗಳನ್ನು ಕಟ್ಟಿ ಹೊರಗಿನ ಮಣ್ಣನ್ನೇ ತುಂಬಿಸಿದೆವು.

ಆಮೇಲೆ ಬಂದದ್ದು ನಿಜವಾದ ಸೋಲು. ಮನೆಗೊಂದು ಮಡಿ ಎಂದು ಹಂಚಿದ್ದೆವು. ಊರಿಗೆ ಹೋದವರ ಮಡಿ ಒಣಗಿತು, ಪಕ್ಕದವರು ಅದಕ್ಕೆ ನೀರು ಹಾಕಲಿಲ್ಲ, ಟೊಮೊಟೊ ಹಣ್ಣಾಗುವ ಹೊತ್ತಿಗೆ ಯಾರು ಕಿತ್ತರೆಂಬ ಜಗಳ ಶುರುವಾಯಿತು. ತೋಟಕ್ಕೆ ಯಾರೂ ಹೋಗದ ವಾರಗಳಲ್ಲಿ ಬೇಲಿಯ ಹೊರಗೆ ಕಸದ ಚೀಲಗಳು ಮತ್ತೆ ಬಂದವು. ಕಸ ಬೀಳುವುದಕ್ಕೂ ಜನ ಓಡಾಡದಿರುವುದಕ್ಕೂ ಇರುವ ನಂಟು ನನಗೆ ಸ್ಪಷ್ಟವಾದದ್ದು ಆಗಲೇ. ಜನ ದಿನವೂ ಬರಲೇಬೇಕಾದ ಬೆಳೆಯನ್ನೇ ಬೆಳೆದರೆ ತೋಟ ಉಳಿಯುತ್ತದೆಂದು ನಿರ್ಧರಿಸಿ, ಸ್ವಂತ ಮಡಿಗಳನ್ನು ರದ್ದು ಮಾಡಿ ಎಲ್ಲವನ್ನೂ ಸಾಮೂಹಿಕವಾಗಿಸಿದೆ. ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್, ಬೇಲಿಗೆ ಬಸಳೆ, ಅಂಚಿಗೆ ಚಕ್ರಮುನಿ ಬಂದವು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಸುಗುಣ ಎಂಬ ತಳಿಯ ದಂಟನ್ನು ಕತ್ತರಿಸಿದಷ್ಟೂ ಅದು ಚಿಗುರುತ್ತದೆ, ಆದ್ದರಿಂದ ನಮ್ಮ ಸರದಿ ಪದ್ಧತಿಗೆ ಅದಕ್ಕಿಂತ ಒಳ್ಳೆಯ ಗಿಡ ಸಿಗಲಿಲ್ಲ. ದಿನಕ್ಕೆ ಐದು ಮನೆಗಳ ಸರದಿ. ಸರದಿಯವರೇ ನೀರು ಹಾಕಿ, ಕಳೆ ಕಿತ್ತು, ಅಂದಿನ ಸೊಪ್ಪನ್ನು ಒಯ್ಯಬೇಕು. ಬರದವರಿಗೆ ಸೊಪ್ಪಿಲ್ಲ.

ಸೊಳ್ಳೆಯ ಆಕ್ಷೇಪಕ್ಕೂ ಈ ಸರದಿಯೇ ಉತ್ತರ ಕೊಟ್ಟಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಹೆಚ್ಚುಕಡಿಮೆ ಒಂದು ವಾರ ಬೇಕು. ಅಷ್ಟರೊಳಗೆ ಯಾರಾದರೂ ನೋಡಿದರೆ ಸಾಕು ಎಂದು ಭಾನುವಾರದ ಸರದಿಯವರಿಗೆ ನೀರಿನ ಪೀಪಾಯಿ ತೊಳೆದು ಒಣಗಿಸುವ, ಅದರ ಬಾಯಿಗೆ ಬಟ್ಟೆ ಬಿಗಿದು ಕಟ್ಟುವ, ಬೇಲಿಯ ಹೊರಗಿನ ಟೈರು, ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಲೋಟಗಳನ್ನೂ ಆಯುವ ಕೆಲಸ ವಹಿಸಿದೆವು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ ಆ ಮಳೆಗಾಲದಲ್ಲಿ ಲಾರ್ವಾ (ಸೊಳ್ಳೆಯ ಮರಿಹುಳು) ಹುಡುಕಲು ಬಂದ ಆರೋಗ್ಯ ಕಾರ್ಯಕರ್ತೆಯರಿಗೆ ನಮ್ಮ ಬೀದಿಯ ಹಲವು ಮನೆಗಳ ಹೂಕುಂಡದ ತಟ್ಟೆಗಳಲ್ಲಿ ಲಾರ್ವಾ ಸಿಕ್ಕಿತು, ತೋಟದಲ್ಲಿ ಸಿಗಲಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಅದೇ ವರ್ಷದ ಬೇಸಿಗೆ ಕಠಿಣವಾಗಿತ್ತು. ಕುಡಿಯುವ ನೀರನ್ನು ಗಿಡಗಳಿಗೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಮಾರ್ಚ್‌ನಲ್ಲಿ ಆದೇಶಿಸಿತು. ಅಕ್ಕಿ, ತರಕಾರಿ ತೊಳೆದ ನೀರನ್ನು ಸರದಿಯವರು ಕೊಡದಲ್ಲಿ ತಂದರು. ಜೊತೆಗೆ ಕುಡಿಯುವ ನೀರು ಶುದ್ಧಮಾಡುವ ಆರ್‌ಒ ಯಂತ್ರಗಳು ಹೊರಚೆಲ್ಲುವ, ಉಪ್ಪಿನಂಶ ಹೆಚ್ಚಿರುವ ನೀರನ್ನು ಎರಡು ಮಡಿಗಳಿಗೆ ಬೇರೆಯಾಗಿ ಹಾಕಿ ನೋಡಿದೆ. ಹುರುಳಿಕಾಯಿಯ ಎಲೆಯಂಚು ಮೂರು ವಾರದಲ್ಲಿ ಸುಟ್ಟಂತಾಗಿ ಗಿಡ ಸೊರಗಿತು; ಪಾಲಕ್ ಮತ್ತು ಬೀಟ್‌ರೂಟ್ ಏನೂ ಆಗದವುಗಳಂತೆ ನಿಂತವು. ಕೊಳವೆಬಾವಿಯ ಗಡಸು ನೀರಿರುವ ಮನೆಗಳಿಂದ ಬಂದ ಆರ್‌ಒ ನೀರನ್ನು ಈಗ ಆ ಎರಡಕ್ಕೆ ಮಾತ್ರ ಹಾಕುತ್ತೇವೆ. ಮಳೆಗಾಲದಲ್ಲಿ ಮಡಿಯ ಉಪ್ಪು ತೊಳೆದುಹೋಗುತ್ತದೆ.

ಗೊಬ್ಬರದ ತೊಟ್ಟಿಗೆ ದಿನಕ್ಕೆ ಹದಿನೈದು ಕಿಲೋದಷ್ಟು ಹಸಿ ಕಸ ಬೀಳುತ್ತದೆ. ಒಣ ಎಲೆ ಧಾರಾಳವಾಗಿದ್ದರೆ ನಾರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಎಲೆ ಸಿಗದ ತಿಂಗಳುಗಳಲ್ಲಿ ನಾವು ಬಳಸುವ ವಸ್ತು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ತೋಟಕ್ಕೆ ಬಂದು ಒಂದು ಬೆಳಗ್ಗೆ ಕೆಲಸ ಮಾಡುವವರಿಗೆ ತೋರಿಸುತ್ತೇನೆ.

ವಾರಕ್ಕೆ ಹದಿನೆಂಟಿಪ್ಪತ್ತು ಕಿಲೋ ಸೊಪ್ಪು ಸಿಗುತ್ತದೆ, ಅಂದರೆ ಮನೆಗೆ ಅರ್ಧ ಕಿಲೋ. ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ಇದು ಯಾವ ಲೆಕ್ಕವೆಂದು ಖಜಾಂಚಿಯವರು ಕೇಳಿದ್ದರು. ಅಮೆರಿಕದ ಡೆನ್ವರ್ ನಗರದ ಸಮುದಾಯ ತೋಟಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವನ್ನು ಅವರಿಗೆ ತೋರಿಸಿದೆ. ಅಲ್ಲಿ ತೋಟಕ್ಕೆ ಸೇರಿದವರು ಸೇರದವರಿಗಿಂತ ದಿನಕ್ಕೆ ಒಂದೂವರೆ ಗ್ರಾಮಿನಷ್ಟು ಹೆಚ್ಚು ನಾರಿನಂಶ ತಿಂದರು, ವಾರಕ್ಕೆ ಸುಮಾರು ನಲವತ್ತು ನಿಮಿಷದಷ್ಟು ಹೆಚ್ಚು ಹೊತ್ತು ಮೈ ಬಗ್ಗಿಸಿದರು, ಅವರ ಒತ್ತಡ, ಆತಂಕಗಳೂ ತಗ್ಗಿದವು. ನಾನು ಇಲ್ಲಿ ಕಂಡದ್ದೂ ಅದನ್ನೇ. ಸೊಪ್ಪು ಕೈಗೆ ಬಂದ ದಿನ ಮನೆಯಲ್ಲಿ ಬಸ್ಸಾರೋ ಮಸ್ಸೊಪ್ಪೋ ಆಗಲೇಬೇಕು. ಮಗ ಸೊಸೆ ಕೆಲಸಕ್ಕೆ ಹೋದಮೇಲೆ ದಿನವಿಡೀ ಒಬ್ಬರೇ ಇರುತ್ತಿದ್ದ ಅಜ್ಜಿಯರು ಮಂಗಳವಾರದ ಸರದಿಯಲ್ಲಿ ಭೇಟಿಯಾಗಿ, ಈಗ ಸರದಿಯಿಲ್ಲದ ದಿನವೂ ಬರುತ್ತಾರೆ. ಒಬ್ಬರು ಬರದಿದ್ದರೆ ಇನ್ನೊಬ್ಬರು ಮನೆಗೆ ಹೋಗಿ ವಿಚಾರಿಸುತ್ತಾರೆ.

ಈಗ ವರ್ಷದ ಖರ್ಚು ಇಪ್ಪತ್ತು ಸಾವಿರದ ಆಸುಪಾಸಿನಲ್ಲಿದೆ, ಮನೆಗೆ ಆರುನೂರು ರೂಪಾಯಿ ವಂತಿಗೆ. ಹೊಸದಾಗಿ ಶುರುಮಾಡುವವರು ಸೈಟಿನ ಮಾಲೀಕರಿಂದ ಪತ್ರ ಪಡೆಯದೆ ಒಂದು ಇಟ್ಟಿಗೆಯನ್ನೂ ಇಡಬಾರದು. ನಮ್ಮ ಪತ್ರ ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ, ಮೂರು ತಿಂಗಳ ಸೂಚನೆ ಕೊಟ್ಟರೆ ನಾವು ತೆರವು ಮಾಡಬೇಕು. ಆ ಕಾರಣಕ್ಕೆ ಮಡಿಯ ಇಟ್ಟಿಗೆಗಳನ್ನು ಸಿಮೆಂಟಿಲ್ಲದೆ ಜೋಡಿಸಿದ್ದೇವೆ, ಹಿಂದಿನ ರಸ್ತೆಯ ಇನ್ನೊಂದು ಖಾಲಿ ಸೈಟಿನ ಮಾಲೀಕರೊಂದಿಗೂ ಮಾತು ನಡೆದಿದೆ.