ಕುರುಕ್ಷೇತ್ರದ ಸೀಮೆಯಲ್ಲಿ ಕೊಲೆ ನಾಟಕ: ನನ್ನ ಅನುಭವ

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಪತ್ತೇದಾರಿ ನಾಟಕ ನಿಲ್ಲಲ್ಲ ಅಂತ ಊರೂರಲ್ಲಿ ನಾಟಕ ಕಲಿಸುವ ನನಗೆ ಹೇಳದ ನಾಟಕದ ಮೇಷ್ಟ್ರುಗಳೇ ಇರಲಿಲ್ಲ. ಈ ಸಲ ಯುಗಾದಿ ಕಳೆದ ಮೇಲೆ ಮದ್ದೂರು ಕಡೆಯ ಒಂದು ಊರಲ್ಲಿ ಅದೇ ನಾಟಕ ಬೆಳಗಿನ ಜಾವದವರೆಗೆ ನಡೆಯಿತು. ಜನ ಎದ್ದು ಹೋಗಲಿಲ್ಲ. ಕಡ್ಲೆಕಾಯಿ ಮಾರುವವನೂ ಗಾಡಿ ಬಿಟ್ಟು ಬಂದು ನಿಂತಿದ್ದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪಾತ್ರ ಹಂಚುವುದು, ಕಂದ (ಹಾಡಿ ಹೇಳುವ ಪದ್ಯ) ಕಲಿಸುವುದು, ಪರದೆ ಬಾಡಿಗೆಗೆ ಕೊಡುವ ಸೀನರಿಯವರ ಹತ್ತಿರ ಚೌಕಾಸಿ ಮಾಡುವುದು ಎಲ್ಲ ನಿಮಗೆ ಗೊತ್ತಿರೋದೇ, ಅದನ್ನು ಬಿಡುತ್ತೇನೆ.

ಪೌರಾಣಿಕ ಅಂದರೆ ಪುರಾಣದ ಕಥೆ ಅಂತ ಪುಸ್ತಕದಲ್ಲಿ ಬರೆಯಬಹುದು. ಹಾರ್ಮೋನಿಯಂ ಮುಂದೆ ಕೂತವನಿಗೆ ಅದೊಂದು ಲೆಕ್ಕ. ದ್ರೌಪದಿ ಮಾಡುವ ಕಲಾವಿದೆ ಮೈಸೂರಿನಿಂದ ಸಂಜೆ ಬಸ್ಸಿಗೆ ಬರುತ್ತಾರೆ. ಮಾತು, ಹಾಡು ಎಲ್ಲ ಬಾಯಿಗೆ ಬರುತ್ತದೆ. ಒಂದು ಟ್ರಯಲ್ ಸಾಕು. ಅರಮನೆ ಪರದೆ, ಕಾಡಿನ ಪರದೆ, ಕಿರೀಟ, ಗದೆ ಎಲ್ಲ ಬಾಡಿಗೆಗೆ ಸಿದ್ಧ. ನಮ್ಮಲ್ಲಿ ಪಾತ್ರ ಮಾಡುವ ಊರಿನವರೇ ಪಾತ್ರಕ್ಕೆ ದುಡ್ಡು ಕೊಡುತ್ತಾರೆ. ದುರ್ಯೋಧನನ ಪಾತ್ರಕ್ಕೆ 35, 40 ಸಾವಿರ ಕೊಡುವವನಿಗೆ ತನಗೆ ಏನೇನು ಸಿಗುತ್ತದೆ ಅಂತ ಮೊದಲೇ ಗೊತ್ತು. ಎಷ್ಟು ಸೀನು, ಎಷ್ಟು ಕಂದ, ಎಲ್ಲಿ ವನ್ಸ್ ಮೋರ್, ಎಲ್ಲಿ ಮಾವನ ಮನೆಯವರು ಬಂದು ಹಾರ ಹಾಕಬೇಕು, ಎಲ್ಲ. ನೋಡುವವರಿಗೂ ಗೊತ್ತು. ಪರದೆ ಏಳುವ ಮೊದಲೇ ಎಲ್ಲರ ನಡುವೆ ಮಾತಾಗಿ ಹೋಗಿರುತ್ತದೆ. ಪೌರಾಣಿಕ, ಸಾಮಾಜಿಕ ಅನ್ನುವ ನಾಟಕದ ಬಗೆ ಅಂದರೆ ನನ್ನ ಪ್ರಕಾರ ಆ ಒಪ್ಪಂದದ ಮಾತೇ. ಕಥೆ ಅದರಲ್ಲಿ ಒಂದು ಪಾಲು ಅಷ್ಟೇ.

ನಾನು ಬರೆದ ಕಥೆ ನಮ್ಮ ಸೀಮೆಯದೇ. 1930ರ ದಶಕ. ಆಗ ಇರ್ವಿನ್ ನಾಲೆ ಅನ್ನುತ್ತಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಂದ ಹೊಸತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಶುರುವಾಯಿತು. ರಾಗಿ ಬೆಳೆಯುತ್ತಿದ್ದ ಹೊಲಕ್ಕೆ ಕಬ್ಬಿನ ಬೆಲೆ ಬಂತು. ಪಟೇಲನೊಬ್ಬ ಆಲೆಮನೆಯಲ್ಲಿ ಹೆಣವಾಗಿ ಸಿಗುತ್ತಾನೆ. ಅಮಲ್ದಾರರು (ಆಗಿನ ತಹಸೀಲ್ದಾರರು) ತನಿಖೆಗೆ ಬರುತ್ತಾರೆ. ಕೊಂದವನು ಯಾರು ಅನ್ನೋದು ಕೊನೇ ಸೀನಿನಲ್ಲಿ.

ಮೊದಲ ಪ್ರಯೋಗ ನಾಗಮಂಗಲ ಕಡೆ. ನಾಟಕ ಬೀಳುವುದಕ್ಕೆ ಆ ಕೊನೇ ಸೀನೇ ಸಾಕಾಯಿತು. ನಮ್ಮಲ್ಲಿ ಕಲಿಕೆ ನಡೆಯುವುದು ಎಲ್ಲಿ? ದೇವಸ್ಥಾನದ ಜಗಲಿ ಮೇಲೆ, ತಿಂಗಳುಗಟ್ಟಲೆ, ಇಡೀ ಊರಿನ ಎದುರಿಗೆ. ನೀರಿಗೆ ಬಂದ ಹೆಂಗಸರಿಗೂ ಕೊಲೆಗಾರ ಯಾರು ಅಂತ ಗೊತ್ತು, ಅವನ ಮಾತೂ ಬಾಯಿಪಾಠ. ಅಗಾಥಾ ಕ್ರಿಸ್ಟಿಯ 'ಮೌಸ್‌ಟ್ರ್ಯಾಪ್' ನಾಟಕ ಲಂಡನ್ನಿನಲ್ಲಿ 1952ರಲ್ಲಿ ಶುರುವಾಗಿದ್ದು. ನಾಟಕ ಮುಗಿದ ಮೇಲೆ ಕೊಲೆಗಾರನ ಹೆಸರು ಹೊರಗೆ ಹೇಳಬೇಡಿ ಅಂತ ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾರಂತೆ. ನಮ್ಮೂರಲ್ಲಿ ಯಾರನ್ನು ಕೇಳಿಕೊಳ್ಳೋದು? ಅಮಲ್ದಾರ ತಲೆ ಕೆರೆದುಕೊಂಡು ಓಡಾಡುತ್ತಿದ್ದರೆ ಹಿಂದಿನಿಂದ ಹುಡುಗರು ಹೆಸರು ಹಿಡಿದು ಕೂಗಿದರು.

ದುಡ್ಡಿನ ಕಥೆ ಇನ್ನೂ ಕೆಟ್ಟದು. ಸತ್ತ ಪಟೇಲನ ಪಾತ್ರ ಯಾರೂ ಕೇಳಲಿಲ್ಲ. "ದುಡ್ಡು ಕೊಟ್ಟು ಹೆಣ ಆಗಬೇಕಾ ಮೇಷ್ಟ್ರೇ?" ಅಂದರು. ಕೊನೆಗೆ ಎಂಟೋ ಒಂಬತ್ತೋ ಸಾವಿರಕ್ಕೆ ಒಬ್ಬರನ್ನು ಒಪ್ಪಿಸಿದೆ. ಕಲಾವಿದೆಯರಿಗೆ ಹೊಸ ಮಾತು ಕಲಿಸಲು ಮತ್ತೆ ಮತ್ತೆ ಕರೆಸಬೇಕಾಯಿತು. ಸಂಭಾವನೆ, ಬಸ್ ಚಾರ್ಜು, ಊಟ ಎಲ್ಲ ಸೇರಿ ಪೌರಾಣಿಕದ ಎರಡರಷ್ಟು ಆಯಿತು. ಪಾತ್ರಗಳಿಂದ ಬಂದದ್ದು ಒಂದು ಲಕ್ಷದ ಆಸುಪಾಸು. ಖರ್ಚು ಒಂದೂಮುಕ್ಕಾಲು ದಾಟಿತು. ನನ್ನ ಸಂಭಾವನೆ ಹೋಗಲಿ, ಕೈಯಿಂದ ನಲವತ್ತು ಸಾವಿರಕ್ಕೂ ಜಾಸ್ತಿ ಹಾಕಿದೆ.

ಆ ರಾತ್ರಿಯ ಒಂದು ಸಂಗತಿ ಹೇಳಲೇಬೇಕು. ಪಟೇಲನ ಹೆಣ ರಂಗದ ಮೇಲಿದೆ. ತಂಗಿ ಪಾತ್ರದ ಕಲಾವಿದೆ ಶುಭಪಂತುವರಾಳಿಯಲ್ಲಿ ಅಳುತ್ತಿದ್ದಾರೆ. ಅಷ್ಟರಲ್ಲಿ ಪಟೇಲ ಪಾತ್ರಧಾರಿಯ ಬೀಗರು ತಮಟೆ ಸಮೇತ ಬಂದರು. ಮೈಕಿನಲ್ಲಿ ಅವರ ಹೆಸರು ಕೂಗಿಸಿದರು. ಹೆಣ ಎದ್ದು ನಿಂತಿತು. ಹಾರ ಹಾಕಿಸಿಕೊಂಡಿತು. ಐನೂರರ ನೋಟಿನ ಮಾಲೆಗೆ ಕೈಮುಗಿಯಿತು. ಮತ್ತೆ ಹೋಗಿ ಮಲಗಿತು. ಕಲಾವಿದೆ ಬಿಟ್ಟ ಚರಣದಿಂದಲೇ ಅಳು ಮುಂದುವರಿಸಿದರು. ಯಾರೂ ನಗಲಿಲ್ಲ ನೋಡಿ. 'ಕುರುಕ್ಷೇತ್ರ' ನಾಟಕದಲ್ಲಿ ಸತ್ತ ಅಭಿಮನ್ಯುವೂ ಹೀಗೆ ಎದ್ದಿದ್ದನ್ನು ನೋಡಿದ ಜನ ಅವರು. ನಾಟಕ ಹೊಸದಾದರೂ ಅವರ ಪದ್ಧತಿ ಹಳೆಯದೇ. ನನಗೆ ದಾರಿ ಕಂಡಿದ್ದು ಅಲ್ಲಿಂದ.

ಆಮೇಲೆ ಬರವಣಿಗೆಯನ್ನೇ ತಿರುವಿಹಾಕಿದೆ. ಈ ಜನಕ್ಕೆ ಕಥೆ ಮೊದಲೇ ಗೊತ್ತಿರುವುದು ಕಷ್ಟವಲ್ಲ, ಅದೇ ಅವರ ಸುಖ. ದುರ್ಯೋಧನ ಸಾಯುತ್ತಾನೆ ಅಂತ ಗೊತ್ತಿದ್ದೇ ರಾತ್ರಿಯೆಲ್ಲ ಕೂರುತ್ತಾರೆ. ಹಾಗಾಗಿ ಕೊಲೆಯನ್ನು ಎರಡನೇ ಸೀನಿನಲ್ಲೇ ಎಲ್ಲರೆದುರು ಮಾಡಿಸಿದೆ. ಕೊಂದವನು ದಾಯಾದಿ. ಈಗ ಪ್ರಶ್ನೆ ಯಾರು ಅಂತಲ್ಲ, ಹೇಗೆ ಸಿಕ್ಕಿಬೀಳುತ್ತಾನೆ ಅಂತ. ಇದೇನು ನನ್ನ ಸ್ವಂತ ಬುದ್ಧಿಯಲ್ಲ. ಸಂಸ್ಕೃತದ ಮೃಚ್ಛಕಟಿಕದಲ್ಲಿ ರಾಜನ ಮೈದುನ ಶಕಾರ ಗಣಿಕೆ ವಸಂತಸೇನೆಯ ಕತ್ತು ಹಿಸುಕುವುದನ್ನು ನಾವು ನೋಡಿರುತ್ತೇವೆ. ಆಮೇಲೆ ಅವಳ ಪ್ರಿಯ ಚಾರುದತ್ತನ ಮೇಲೆ ಆರೋಪ, ನ್ಯಾಯಾಲಯ, ವಧೆಯ ಶಿಕ್ಷೆ. ಹಳಬರು ಪುರಾಣ ಇತಿಹಾಸದ ಪ್ರಸಿದ್ಧ ಕಥೆ ಇದ್ದರೆ ನಾಟಕ ಅಂತಲೂ, ಕವಿಯೇ ಕಟ್ಟಿದ ಕಥೆಯಾದರೆ ಪ್ರಕರಣ ಅಂತಲೂ ಬೇರೆ ಮಾಡಿದ್ದರು. ಮೃಚ್ಛಕಟಿಕ ಪ್ರಕರಣ. ನನ್ನದೂ ಪ್ರಕರಣವೇ, ಎರಡು ಅರ್ಥದಲ್ಲೂ!

"ಪೌರಾಣಿಕದ ಮಟ್ಟು ತಂದು ಕೊಲೆ ಕಥೆಗೆ ಹಾಕ್ತೀಯಾ" ಅಂತ ಒಬ್ಬ ಹಿರಿಯ ಮೇಷ್ಟ್ರು ಬೈದರು. ಬೈಯಲಿ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಬಸಪ್ಪಶಾಸ್ತ್ರಿಗಳು ಶೇಕ್ಸ್‌ಪಿಯರನ ಒಥೆಲೋ ನಾಟಕವನ್ನು ಶೂರಸೇನ ಚರಿತ್ರೆ ಮಾಡಲಿಲ್ವಾ? ಹೊರಗಿನ ಸರಕನ್ನು ಜನ ಒಪ್ಪುವ ಅಚ್ಚಿಗೆ ಹಾಕಿದರು. ಸಿನಿಮಾದವರೂ ಬಂದಿದ್ದು ಅದೇ ದಾರಿಯಲ್ಲಿ. 1934ರ ಸತಿ ಸುಲೋಚನ, ಕನ್ನಡದ ಮೊದಲ ಟಾಕಿ, ಪೌರಾಣಿಕವೇ.

ಹೀಗಾಗಿ ಒಂದನ್ನು ಬದಲಿಸಿ ಉಳಿದದ್ದನ್ನೆಲ್ಲ ಹಾಗೇ ಇಟ್ಟುಕೊಂಡೆ. ನಾಂದಿ ಇದೆ. ಪ್ರತಿ ಪಾತ್ರಕ್ಕೂ ಪ್ರವೇಶದ ಹಾಡು ಇದೆ. ಅಮಲ್ದಾರರು ಮೋಹನದಲ್ಲಿ ಕಂದ ಹಾಡಿಕೊಂಡೇ ತನಿಖೆ ಮಾಡುತ್ತಾರೆ. ಮಹಾರಾಜರ ಕಾಲದ ಕಥೆ ಆದ್ದರಿಂದ ಪೇಟ, ಜರಿ ಕೋಟು ಬಾಡಿಗೆಗೆ ಸಿಕ್ಕವು. ಮೈಸೂರಿಗೆ ಹೋಗುವ ಸೀನಿಗೆ ಧೃತರಾಷ್ಟ್ರನ ಅರಮನೆ ಪರದೆಯೇ ಆಯಿತು. ಆಲೆಮನೆ ಪರದೆ ಯಾರ ಹತ್ತಿರವೂ ಇಲ್ಲ. ಹೊಸದಾಗಿ ಬರೆಸಲು ಹನ್ನೆರಡು ಸಾವಿರ ಕೇಳಿದರು. ಋಷಿ ಆಶ್ರಮದ ಪರದೆ ಬಿಟ್ಟು, ಮುಂದೆ ನಿಜವಾದ ಕೊಪ್ಪರಿಗೆ ಇಟ್ಟು, ಒಳಗೆ ಕೆಂಪು ಬಲ್ಬು, ಹೊಗೆ. ಗುಡಿಸಲು, ಮರ, ಹೊಗೆ ಕಂಡರೆ ನಮ್ಮ ಜನಕ್ಕೆ ಆಲೆಮನೆಯೇ.

ಸುಳಿವನ್ನೂ ಎಲ್ಲರಿಗೂ ಕಾಣುವ ಹಾಗೇ ಇಟ್ಟೆ. ಕೊಲೆ ಮಾಡುವಾಗ ದಾಯಾದಿಯ ಪಂಚೆ ಅಂಚಿಗೆ ಬೆಲ್ಲದ ಪಾಕ ಅಂಟುತ್ತದೆ. ಮಾರನೇ ದಿನ ಅವನು ಅಮಲ್ದಾರರ ಮುಂದೆ ಕೂತು ಮಾತಾಡುತ್ತಾ ಕಾಲು ಕೆರೆದುಕೊಳ್ಳುತ್ತಾನೆ. ಇರುವೆ. ಒಂದು ಸಲ ಕೆರೆದ, ಎರಡು ಸಲ ಕೆರೆದ, ಯಾರೂ ಏನೂ ಹೇಳುವುದಿಲ್ಲ. ಮುಂದೆ ಕೂತಿದ್ದ ಒಬ್ಬ ಅಜ್ಜಿ ತಡೆಯಲಾರದೆ, "ಅವ್ನ ಪಂಚೆ ನೋಡಪ್ಪೋ, ಇರ್ವೆ ಮುತ್ಕಂಡವೆ!" ಅಂತ ಕೂಗಿತು. ಇಡೀ ಗುಂಪು ಸಿಳ್ಳೆ. ಕಬ್ಬು ಬೆಳೆಯುವ ಊರಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಧ್ಯೆ ಒಂದಿಷ್ಟು ಅಡ್ಡ ಪ್ರಯೋಗ ಮಾಡಿದೆ. ಕೀಬೋರ್ಡಿನವನಿಂದ ಇಂಗ್ಲಿಷ್ ಸಿನಿಮಾದ ಹಾಗೆ ಗುಂಯ್ ಅನ್ನೋ ಸದ್ದು ಹಾಕಿಸಿದೆ. ಮಕ್ಕಳು ಅತ್ತವು. ಊರಲ್ಲಿ 'ದೆವ್ವದ ನಾಟಕ' ಅಂತ ಹೆಸರಾಯಿತು. ದೆವ್ವ ಯಾವಾಗ ಬರುತ್ತೆ ಅಂತ ಕಾದವರು ಬೇಜಾರಾಗಿ ಎದ್ದರು. ಮತ್ತೆ ಹಾರ್ಮೋನಿಯಂ, ತಬಲಕ್ಕೇ ಬಂದೆ.

ಇನ್ನೊಂದು ಕರಪತ್ರದ್ದು. ಪಾಂಡವಪುರ ಕಡೆಯ ಒಂದು ಊರಿಗೆ 'ಸಾಮಾಜಿಕ ನಾಟಕ' ಅಂತ ಅಚ್ಚು ಹಾಕಿಸಿದೆವು. ಮಳವಳ್ಳಿ ಕಡೆಯ ಊರಿಗೆ 'ಐತಿಹಾಸಿಕ ನಾಟಕ' ಅಂತ. ನಾಟಕ ಒಂದೇ, ಒಂದಕ್ಷರ ಬದಲಿಲ್ಲ. ಸಾಮಾಜಿಕ ಅಂದ ಕಡೆ ಹುಡುಗರು ತುಂಬಿದರು. ಹಾಸ್ಯ, ಡ್ಯಾನ್ಸ್ ಎಲ್ಲಿ ಅಂತ ಕೇಳಿದರು. ಎರಡು ಗಂಟೆ ಹೊತ್ತಿಗೆ ಅರ್ಧ ಖಾಲಿ. ಐತಿಹಾಸಿಕ ಅಂದ ಕಡೆ ಹೆಂಗಸರು, ವಯಸ್ಸಾದವರು ಚಾಪೆ ಸಮೇತ ಬಂದರು. ಅಮಲ್ದಾರರ ಪ್ರವೇಶಕ್ಕೆ ಎದ್ದು ಕೈ ಮುಗಿದವರೂ ಇದ್ದರು. ಈಗ ಕರಪತ್ರದಲ್ಲಿ ಐತಿಹಾಸಿಕ ಅಂತ ದಪ್ಪಕ್ಷರ, ಕೆಳಗೆ ಸಣ್ಣದಾಗಿ 'ರೋಮಾಂಚಕ'. ಪತ್ತೇದಾರಿ ಅನ್ನೋ ಮಾತನ್ನು ಎಲ್ಲೂ ಹಾಕಿಸುವುದಿಲ್ಲ.

ಹಾಗಂತ ಊರಿಗೆ ಗೊತ್ತಿಲ್ಲದ್ದು ಏನೂ ಇಲ್ಲ ಅಂದುಕೊಳ್ಳಬೇಡಿ. ದಾಯಾದಿಗೆ ಜೊತೆಗಾರ ಒಬ್ಬನಿದ್ದಾನೆ. ಅವನು ಯಾರು ಅಂತ ಪಾತ್ರ ಮಾಡುವವನಿಗೇ ನಾಟಕದ ರಾತ್ರಿಯವರೆಗೆ ಗೊತ್ತಿರುವುದಿಲ್ಲ. ಜಗಲಿ ಮೇಲೆ ಎಲ್ಲರೆದುರು ಕಲಿಸುತ್ತಲೇ ಅದನ್ನು ಹೇಗೆ ಮುಚ್ಚಿಡುತ್ತೇನೆ ಅನ್ನೋದು ಮಾತ್ರ ನನ್ನ ಹೊಟ್ಟೆಪಾಡು. ಇಲ್ಲಿ ಹೇಳಲ್ಲ.

ಪಟೇಲನ ಪಾತ್ರಕ್ಕೆ ಸಾಯುವ ಮೊದಲು ಎರಡು ಕಂದ, ಸತ್ತ ಮೇಲೆ ತಂಗಿಯ ಕನಸಿನಲ್ಲಿ ಬಂದು ಒಂದು ಹಾಡು ಸೇರಿಸಿದೆ. ಎಂಟು ಸಾವಿರಕ್ಕೂ ಬೇಡವಾಗಿದ್ದ ಪಾತ್ರ ಈಗ ಇಪ್ಪತ್ತರ ಹತ್ತಿರ ಹೋಗುತ್ತದೆ. ದಾಯಾದಿ ಪಾತ್ರ ಮದ್ದೂರಿನ ಕಡೆ 45 ಸಾವಿರಕ್ಕೆ ಹೋಯಿತು. ಅದೇ ಊರಲ್ಲಿ ಹಿಂದಿನ ವರ್ಷ ದುರ್ಯೋಧನನಿಗೆ ಅಷ್ಟು ಬಂದಿರಲಿಲ್ಲ. ಖರ್ಚೆಲ್ಲ ಕಳೆದು ನನ್ನ ಸಂಭಾವನೆ ಪೂರ್ತಿ ಕೈಗೆ ಬಂತು, ಹಳೇ ಸಾಲದಲ್ಲೂ ಅರ್ಧ ತೀರಿತು.

ಬೈದಿದ್ದ ಹಿರಿಯ ಮೇಷ್ಟ್ರು ಮೊನ್ನೆ ಫೋನ್ ಮಾಡಿ ಸ್ಕ್ರಿಪ್ಟ್ ಕೇಳಿದರು. ಮಟ್ಟುಗಳನ್ನು ಕೊಡುತ್ತೇನೆ, ಸ್ಕ್ರಿಪ್ಟ್ ಮಾತ್ರ ಸದ್ಯಕ್ಕೆ ಇಲ್ಲ ಅಂದೆ. ನೀವು ಕೇಳಿದರೂ ಅದೇ ಉತ್ತರ. ಋಷಿ ಆಶ್ರಮದ ಪರದೆ ಬೇಕಾದವರು ಶಿವರಾತ್ರಿಗೆ ಮುಂಚೆಯೇ ಬುಕ್ ಮಾಡಿಕೊಳ್ಳಿ. ಆಮೇಲೆ ಅದು ನನ್ನ ಹತ್ತಿರವೇ ಇರುತ್ತದೆ.